ಕೋಡಿ ಹರಿದ ನೀರು: ರಾಸಾಯನಿಕ ಉದ್ಯಮದ ಬಲವೂ ನಮ್ಮ ಬಯಲುಸೀಮೆಯೂ

ತುಮಕೂರಿನ ಪದವಿ ಕಾಲೇಜೊಂದರಲ್ಲಿ ವಿದ್ಯಾರ್ಥಿಗಳು, ಸಣ್ಣ ಉದ್ಯಮಿಗಳು ಮತ್ತು ಸುತ್ತಲಿನ ಊರುಗಳ ರೈತರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪವಿದು. ಮಾತಿನಲ್ಲಿ ಸಹಜವಾಗಿ ಬರುವ ಪುನರುಕ್ತಿಗಳನ್ನು ತೆಗೆದು, ಸಭಿಕರ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನು ಆಯಾ ಸಂದರ್ಭದಲ್ಲೇ ಸೇರಿಸಿದ್ದೇನೆ.

ಬೇಸಿಗೆ ಕಾಲಿಟ್ಟಿತೆಂದರೆ ತುಮಕೂರಿನ ಎಪಿಎಂಸಿ ಅಂಗಳದಲ್ಲಿ ಹುಣಸೆಹಣ್ಣಿನ ರಾಶಿಗಳು ಬೀಳುತ್ತವೆ. ಸಿರಾ ಸೀಮೆಯ ನಮ್ಮ ಮನೆಯಲ್ಲಿ ಆ ತಿಂಗಳುಗಳೆಂದರೆ ನನ್ನ ತಾಯಿ ಮತ್ತು ನೆರೆಯ ಹೆಂಗಸರು ಜಗಲಿಯ ಮೇಲೆ ಕುಳಿತು, ಕಲ್ಲಿನ ಮೇಲೆ ಹಣ್ಣಿಟ್ಟು ಕುಟ್ಟಿ ಬೀಜ ಬಿಡಿಸುವ ತಿಂಗಳುಗಳು. ಹಣ್ಣಿನ ಬೆಲೆಯನ್ನು ಕುರಿತು ದಿನಗಟ್ಟಲೆ ಮಾತು ನಡೆಯುತ್ತಿತ್ತು. ಬೀಜದ ಚೀಲವನ್ನು ಮಾತ್ರ ಬಂದವರಿಗೆ, ಅವರು ಹೇಳಿದ ಬೆಲೆಗೆ ಕೊಟ್ಟುಬಿಡುತ್ತಿದ್ದರು. ಹಣ್ಣಿನ ತೂಕದಲ್ಲಿ ಸುಮಾರು ಮೂರನೇ ಒಂದು ಭಾಗ ಬೀಜವೇ ಇರುತ್ತದೆ. ಆ ಬೀಜ ಎಲ್ಲಿಗೆ ಹೋಗುತ್ತದೆ ಎಂಬುದು ನನಗೆ ತಿಳಿದದ್ದು ಊರು ಬಿಟ್ಟು ಗುಜರಾತಿನ ರಾಸಾಯನಿಕ ಕಾರ್ಖಾನೆಗಳಲ್ಲಿ ಕೆಲಸಕ್ಕೆ ಸೇರಿದ ಮೇಲೆ. ಬಟ್ಟೆಗೆ ಅಚ್ಚು ಹಾಕುವಾಗ ಬಣ್ಣ ಹರಡದಂತೆ ಹಿಡಿದಿಡುವ ಅಂಟಾಗಿ, ನೂಲಿಗೆ ಹಾಕುವ ಗಂಜಿಯಾಗಿ ನಮ್ಮ ಹುಣಸೆ ಬೀಜದ ಪುಡಿ ಅಲ್ಲಿ ಬಳಕೆಯಾಗುತ್ತಿತ್ತು. ಸಿಪ್ಪೆ ತೆಗೆದ ಬೀಜದಲ್ಲಿ ನೂರಕ್ಕೆ 46ರಿಂದ 48ರಷ್ಟು ಜೆಲ್ ಕಟ್ಟುವ ವಸ್ತುವಿದೆ ಎಂದು ಟಿ.ಪಿ. ಘೋಷ್ ಮತ್ತು ಎಸ್. ಕೃಷ್ಣ ಎಂಬ ಭಾರತೀಯ ವಿಜ್ಞಾನಿಗಳು ತಿಳಿಸಿದ್ದು 1942ರಲ್ಲಿ. ಎಂಬತ್ತು ವರ್ಷಗಳ ಹಿಂದಿನ ಈ ತಿಳಿವಳಿಕೆಯ ಲಾಭ ಹುಣಸೆ ಬೆಳೆಯುವ ಸೀಮೆಗೆ ಎಷ್ಟು ಬಂತು ಎಂಬ ಪ್ರಶ್ನೆಯೇ ಈ ಉಪನ್ಯಾಸಕ್ಕೆ ಮೂಲ.

ಒಂದು ಪ್ರದೇಶದ ರಾಸಾಯನಿಕ ಉದ್ಯಮದ ಬಲ ಎಲ್ಲಿರುತ್ತದೆ ಎಂಬುದನ್ನು ವಿವರಿಸಲು ನನಗೆ ನಮ್ಮ ಕೆರೆಗಳಿಗಿಂತ ಒಳ್ಳೆಯ ಹೋಲಿಕೆ ಸಿಕ್ಕಿಲ್ಲ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳಲ್ಲಿ ಹಿರಿಯರು ಕಟ್ಟಿದ ಕೆರೆಗಳು ಬಿಡಿಬಿಡಿಯಾದವುಗಳಲ್ಲ. ಮೇಲಿನ ಕೆರೆ ತುಂಬಿ ಕೋಡಿ ಹರಿದರೆ ಆ ನೀರು ಕೆಳಗಿನ ಕೆರೆಗೆ ಸೇರುತ್ತದೆ, ಅದು ತುಂಬಿದರೆ ಅದರ ಕೆಳಗಿನದಕ್ಕೆ. ಒಂದು ಕೆರೆಗೆ ಹೆಚ್ಚಾದದ್ದು ಇನ್ನೊಂದಕ್ಕೆ ಜೀವ. ರಾಸಾಯನಿಕ ಕಾರ್ಖಾನೆಗಳೂ ಹಾಗೆಯೇ ನಿಲ್ಲುತ್ತವೆ. ಒಂದು ಕಾರ್ಖಾನೆಯಲ್ಲಿ ಬೇಡವಾಗಿ ಉಳಿದದ್ದು ಪಕ್ಕದ ಕಾರ್ಖಾನೆಗೆ ಕಚ್ಚಾ ಮಾಲು. ಆದ್ದರಿಂದ ಒಂದೇ ಕಾರ್ಖಾನೆಯನ್ನು ನೋಡಿ ಉದ್ಯಮದ ಶಕ್ತಿಯನ್ನು ಅಳೆಯಲಾಗುವುದಿಲ್ಲ, ಸರಣಿಯನ್ನು ನೋಡಬೇಕು. ಮೇಲಿನ ಕೆರೆಗೆ ವಿಷ ಬಿದ್ದರೆ ಅದೂ ಇದೇ ಕೋಡಿಯಲ್ಲೇ ಇಳಿದು ಬರುತ್ತದೆ ಎಂಬುದನ್ನು ಮುಂದೆ ಹೇಳುತ್ತೇನೆ.

ಸರಣಿಯ ಅತ್ಯಂತ ಸರಳ ಉದಾಹರಣೆ ಉಪ್ಪು. ಉಪ್ಪುನೀರಿನಲ್ಲಿ ವಿದ್ಯುತ್ ಹರಿಸಿದರೆ ಕಾಸ್ಟಿಕ್ ಸೋಡಾ, ಕ್ಲೋರಿನ್ ಮತ್ತು ಹೈಡ್ರೋಜನ್ ಮೂರೂ ಒಟ್ಟಿಗೆ ಹುಟ್ಟುತ್ತವೆ. ಒಂದು ಟನ್ ಕಾಸ್ಟಿಕ್ ಸೋಡಾ ತಯಾರಿಸಿದವನ ಕೈಯಲ್ಲಿ, ಅವನಿಗೆ ಬೇಕಿರಲಿ ಬೇಡದಿರಲಿ, ಸುಮಾರು 0.88 ಟನ್ ಕ್ಲೋರಿನ್ ಇದ್ದೇ ಇರುತ್ತದೆ. ಸೋಪು, ಕಾಗದ, ಜವಳಿ, ಅಲ್ಯೂಮಿನಿಯಂ ಉದ್ಯಮಗಳಿಗೆ ಬೇಕಾದದ್ದು ಸೋಡಾ. ಕ್ಲೋರಿನ್ ಅನಿಲವನ್ನಾದರೋ ಹೆಚ್ಚು ದಿನ ಕೂಡಿಡುವುದೂ ಬಹುದೂರ ಸಾಗಿಸುವುದೂ ಅಪಾಯದ ಕೆಲಸ. ಅದನ್ನು ಕೊಳವೆಯಲ್ಲೇ ಕೊಳ್ಳುವ ನೆರೆಯವನೊಬ್ಬ ಬೇಕು. ಪಿವಿಸಿ ತಯಾರಿಸುವವನು, ಕೀಟನಾಶಕದ ಮಧ್ಯಂತರ ವಸ್ತು (ಅಂತಿಮ ಸರಕಿಗೆ ಮುಂಚಿನ ಹಂತದ ರಾಸಾಯನಿಕ) ತಯಾರಿಸುವವನು, ನೀರು ಶುದ್ಧೀಕರಣದ ರಾಸಾಯನಿಕ ತಯಾರಿಸುವವನು ಬೇಲಿಯ ಆಚೆಗೇ ಇದ್ದರೆ ಸೋಡಾದ ಬೆಲೆಯೂ ಇಳಿಯುತ್ತದೆ, ಕ್ಲೋರಿನ್ನಿನ ಬೆಲೆಯೂ ಇಳಿಯುತ್ತದೆ. ಇದೇ ರೀತಿ, ತಾಮ್ರದ ಅದಿರನ್ನು ಕರಗಿಸುವಾಗ ಏಳುವ ಗಂಧಕದ ಹೊಗೆಯನ್ನು ಗಾಳಿಗೆ ಬಿಡದೆ ಹಿಡಿದರೆ ಅದು ಗಂಧಕಾಮ್ಲವಾಗುತ್ತದೆ, ಆ ಆಮ್ಲ ಶಿಲಾರಂಜಕದೊಂದಿಗೆ (ರಾಕ್ ಫಾಸ್ಫೇಟ್) ಸೇರಿ ಗೊಬ್ಬರಕ್ಕೆ ಬೇಕಾದ ಫಾಸ್ಫಾರಿಕ್ ಆಮ್ಲವಾಗುತ್ತದೆ, ಅಲ್ಲಿ ಉಳಿದ ಜಿಪ್ಸಂ ಸಿಮೆಂಟಿಗೆ ಹೋಗುತ್ತದೆ. ಗುಜರಾತಿನ ದಹೇಜ್‌ನಲ್ಲಿ ತಾಮ್ರ, ಆಮ್ಲ ಮತ್ತು ಡಿಎಪಿ ಗೊಬ್ಬರದ ಘಟಕಗಳು ಒಂದೇ ಆವರಣದಲ್ಲಿ ನಿಂತಿರುವುದಕ್ಕೆ ಇದೇ ಕಾರಣ.

ಗುಜರಾತಿಗೆ ಈ ಬಲ ಬಂದದ್ದು ಒಂದು ತಲೆಮಾರಿನಲ್ಲಿ ಅಲ್ಲ. ದೇಶದ ಉಪ್ಪಿನಲ್ಲಿ ಹೆಚ್ಚುಪಾಲನ್ನು ಕೊಡುವ ಕರಾವಳಿ ಅದರದು. ಧ್ರಾಂಗಧ್ರಾದಲ್ಲಿ 1920ರ ದಶಕದಲ್ಲಿ, ಮೀಠಾಪುರದಲ್ಲಿ 1939ರಲ್ಲಿ ಉಪ್ಪಿನಿಂದ ಸೋಡಾ ತೆಗೆಯುವ ಉದ್ಯಮ ಬೇರೂರಿತು. ಅಹಮದಾಬಾದಿನ ಬಟ್ಟೆ ಗಿರಣಿಗಳ ಒಡೆಯರಾಗಿದ್ದ ಕಸ್ತೂರ್‌ಭಾಯಿ ಲಾಲ್‌ಭಾಯಿಯವರು ಬಣ್ಣಕ್ಕಾಗಿ ಹೊರದೇಶಗಳ ಕೈ ಕಾಯುವುದು ಸಾಕೆಂದು ವಲ್ಸಾಡ್ ಬಳಿ ಅತುಲ್ ಸಂಸ್ಥೆಯನ್ನು ಸ್ಥಾಪಿಸಿದ್ದು 1947ರಲ್ಲಿ. 1960ರಲ್ಲಿ ಅಂಕಲೇಶ್ವರದಲ್ಲಿ ತೈಲ ಸಿಕ್ಕಿತು, 1962ರಲ್ಲಿ ರಾಜ್ಯ ಸರ್ಕಾರ ಕೈಗಾರಿಕಾ ಅಭಿವೃದ್ಧಿ ನಿಗಮವನ್ನು ರಚಿಸಿ ವಾಪಿ, ಅಂಕಲೇಶ್ವರದಂಥ ಕಡೆ ನಿವೇಶನಗಳನ್ನು ಹಂಚಿತು, 1965ರಲ್ಲಿ ವಡೋದರಾ ಬಳಿಯ ಕೋಯಲಿಯಲ್ಲಿ ತೈಲ ಶುದ್ಧೀಕರಣಾಗಾರ ಕೆಲಸ ಆರಂಭಿಸಿತು. ಉಪ್ಪು, ತೈಲ, ಬಂದರು, ನರ್ಮದಾ–ತಾಪಿಯಂಥ ಹರಿಯುವ ನದಿಗಳು, ಪಕ್ಕದಲ್ಲೇ ಸರಕು ಕೊಳ್ಳುವ ಬಟ್ಟೆ ಉದ್ಯಮ, ವ್ಯಾಪಾರದ ಹಣ ಇವೆಲ್ಲ ಅಲ್ಲಿ ಸೇರಿದವು. ಇಂದು ದೇಶದ ರಾಸಾಯನಿಕ ಉತ್ಪಾದನೆಯಲ್ಲಿ ಸುಮಾರು ಮೂರನೇ ಒಂದು ಭಾಗ ಆ ಒಂದೇ ರಾಜ್ಯದ್ದು.

ಆದರೆ ಅಲ್ಲಿ ಇದ್ದ ವರ್ಷಗಳಲ್ಲಿ ನನಗೆ ಹೆಚ್ಚು ಬೆರಗು ಹುಟ್ಟಿಸಿದ್ದು ಈ ದೊಡ್ಡ ಕಾರಣಗಳಿಗಿಂತ ಕಣ್ಣಿಗೆ ಬೀಳದ ಒಂದು ಸಂಗತಿ. ರಾತ್ರಿ ಹತ್ತು ಗಂಟೆಗೆ ಗಾಜಿನ ಲೇಪವಿರುವ ರಿಯಾಕ್ಟರ್ ಒಂದು ಬಿರುಕು ಬಿಟ್ಟರೆ, ಬೆಳಗಾಗುವುದರೊಳಗೆ ಅದನ್ನು ಸರಿಮಾಡುವ ಮೇಸ್ತ್ರಿ ಎರಡು ಬೀದಿ ಆಚೆ ಸಿಗುತ್ತಿದ್ದ. ಆಮ್ಲ ಸಾಗಿಸುವ ಟ್ಯಾಂಕರಿನ ಚಾಲಕನಿಗೆ ಸೋರಿಕೆಯಾದರೆ ಏನು ಮಾಡಬೇಕೆಂಬುದು ಬಾಯಿಪಾಠವಾಗಿತ್ತು. ಒಂದು ಕಿಲೋ ಮಾದರಿಯನ್ನು ಪರೀಕ್ಷಿಸಿ ಸಂಜೆಯೊಳಗೆ ವರದಿ ಕೊಡುವ ಪ್ರಯೋಗಾಲಯಗಳಿದ್ದವು. ಒಂದು ಕಾರ್ಖಾನೆಯಲ್ಲಿ ಹದಿನೈದು ವರ್ಷ ಶಿಫ್ಟ್ ಕೆಲಸ ಮಾಡಿದ ಕೆಮಿಸ್ಟ್ ಇನ್ನೊಂದು ಬೀದಿಯಲ್ಲಿ ಬಾಡಿಗೆಗೆ ಶೆಡ್ ಹಿಡಿದು ತಾನೇ ಒಂದು ಮಧ್ಯಂತರ ವಸ್ತುವನ್ನು ತಯಾರಿಸಲು ಆರಂಭಿಸುತ್ತಿದ್ದ, ಮತ್ತು ಅವನ ಮೊದಲ ಗಿರಾಕಿ ಅವನ ಹಳೆಯ ಮಾಲೀಕನೇ ಆಗಿರುತ್ತಿದ್ದ. ಸರ್ಕಾರಗಳು ರಸ್ತೆ, ವಿದ್ಯುತ್, ನಿವೇಶನ ಕೊಡಬಹುದು. ಈ ಅನುಭವದ ಸಾಂದ್ರತೆಯನ್ನು ಆದೇಶ ಹೊರಡಿಸಿ ಕೊಡಲಾಗುವುದಿಲ್ಲ. ವಿದ್ಯಾರ್ಥಿಗಳು ಇದನ್ನು ವಿಶೇಷವಾಗಿ ಗಮನಿಸಬೇಕೆಂದು ನನ್ನ ಆಸೆ.

ಇದೇ ತತ್ವವನ್ನು ಅತ್ಯಂತ ಕಟ್ಟುನಿಟ್ಟಾಗಿ ಪಾಲಿಸಿದ ಊರು ಜರ್ಮನಿಯ ಲುಡ್ವಿಗ್ಸ್‌ಹಾಫೆನ್. ರೈನ್ ನದಿಯ ದಂಡೆಯ ಮೇಲೆ ಬಿಎಎಸ್‌ಎಫ್ ಸಂಸ್ಥೆ 1865ರಿಂದ ಬೆಳೆಸಿದ ಈ ಆವರಣ ಸುಮಾರು 10 ಚದರ ಕಿಲೋಮೀಟರ್ ವಿಸ್ತಾರದ್ದು. ಅದರೊಳಗಿನ ಘಟಕಗಳನ್ನು ಬೆಸೆಯುವ ಕೊಳವೆಗಳ ಉದ್ದ 2,800 ಕಿಲೋಮೀಟರಿಗೂ ಹೆಚ್ಚು. ಒಂದು ಘಟಕದ ಬಿಸಿ ಉಗಿ ಕೂಡ ವ್ಯರ್ಥವಾಗದೆ ಇನ್ನೊಂದಕ್ಕೆ ಹೋಗುತ್ತದೆ. ಗಾಳಿಯ ಸಾರಜನಕದಿಂದ ಅಮೋನಿಯಾ ತಯಾರಿಸುವ ಜಗತ್ತಿನ ಮೊದಲ ಕಾರ್ಖಾನೆ 1913ರಲ್ಲಿ ಆರಂಭವಾದದ್ದು ಇದರ ಪಕ್ಕದ ಒಪ್ಪೌನಲ್ಲಿ. 1921ರಲ್ಲಿ ಗೊಬ್ಬರದ ಗೋದಾಮು ಸ್ಫೋಟಿಸಿ 500ಕ್ಕೂ ಹೆಚ್ಚು ಜನ ಸತ್ತದ್ದೂ ಅಲ್ಲಿಯೇ. ನಮಗೆ ಹತ್ತಿರವಾದ ಪಾಠ 2018ರದು. ಆ ವರ್ಷ ಮಳೆ ಕಡಿಮೆಯಾಗಿ ರೈನ್ ನದಿಯ ನೀರು ತಗ್ಗಿತು, ಸರಕಿನ ದೋಣಿಗಳು ಪೂರ್ತಿ ಹೊರೆ ಹೊತ್ತು ಸಾಗಲಾರದೆ ಹೋದವು, ಉತ್ಪಾದನೆ ಕುಗ್ಗಿ ಸಂಸ್ಥೆಗೆ ಸುಮಾರು 25 ಕೋಟಿ ಯೂರೋ ನಷ್ಟವಾಯಿತು. ಯುರೋಪಿನ ಮಹಾನದಿಯೊಂದರ ದಂಡೆಯ ಕಾರ್ಖಾನೆಗೇ ನೀರು ಹೀಗೆ ಲೆಕ್ಕ ಕೇಳಿತೆಂದರೆ ಸಾವಿರ ಅಡಿ ಕೊಳವೆಬಾವಿ ಕೊರೆಯುವ ನಾವು ಎಷ್ಟು ಎಚ್ಚರ ವಹಿಸಬೇಕು!

ಆರ್ಥಿಕತೆಯ ಮಾತಿಗೆ ಬರುತ್ತೇನೆ. ಭಾರತದ ರಾಸಾಯನಿಕ ಉದ್ಯಮ ಉತ್ಪಾದನೆಯ ಮೌಲ್ಯದಲ್ಲಿ ಜಗತ್ತಿನಲ್ಲಿ ಆರನೆಯದು. ದೇಶದ ಒಟ್ಟು ಉತ್ಪನ್ನದಲ್ಲಿ ಅದರ ಪಾಲು ಸುಮಾರು ಶೇಕಡಾ 7 ಎಂದು ಲೆಕ್ಕ ಹಾಕಲಾಗಿದೆ. ಅದು ತಯಾರಿಸುವ ವಸ್ತುಗಳ ಸಂಖ್ಯೆ 80,000ಕ್ಕೂ ಹೆಚ್ಚು. ಇವುಗಳಲ್ಲಿ ಬಹುಪಾಲು ಅಂಗಡಿಯ ಕಪಾಟಿಗೆ ನೇರವಾಗಿ ಬರುವುದೇ ಇಲ್ಲ. ಬಣ್ಣ, ಔಷಧಿ, ಟೈರು, ಬಟ್ಟೆ, ಚರ್ಮ, ಗೊಬ್ಬರ ತಯಾರಿಸುವವರು ಅವನ್ನು ಕೊಳ್ಳುತ್ತಾರೆ. ಹೀಗಾಗಿ ಈ ಉದ್ಯಮ ಸೊರಗಿದರೆ ಅದರ ನೋವು ಮೊದಲು ಕಾಣುವುದು ಬೇರೆ ಉದ್ಯಮಗಳಲ್ಲಿ. ಇಷ್ಟಾದರೂ ನಾವು ಮಾರುವುದಕ್ಕಿಂತ ಕೊಳ್ಳುವುದೇ ಹೆಚ್ಚು. 2025ರಲ್ಲಿ ನೀತಿ ಆಯೋಗ ಪ್ರಕಟಿಸಿದ ವರದಿಯ ಪ್ರಕಾರ 2023ರಲ್ಲಿ ರಾಸಾಯನಿಕಗಳ ವ್ಯಾಪಾರದಲ್ಲಿ ನಮ್ಮ ಕೊರತೆ 3,100 ಕೋಟಿ ಡಾಲರ್. ಜಾಗತಿಕ ಮೌಲ್ಯ ಸರಣಿಯಲ್ಲಿ ನಮ್ಮ ಪಾಲು ಶೇಕಡಾ 3.5ರ ಆಸುಪಾಸು.

ಸಭೆಯಲ್ಲಿ ಕೊರಟಗೆರೆ ಕಡೆಯ ರೈತರೊಬ್ಬರು, ಇಷ್ಟೊಂದು ಹಣ ಸುರಿಯುವ ಕಾರ್ಖಾನೆಯಲ್ಲಿ ನಮ್ಮ ಮಕ್ಕಳಿಗೆ ಎಷ್ಟು ಕೆಲಸ ಸಿಗುತ್ತದೆ ಎಂದು ಕೇಳಿದರು. ಅದು ನ್ಯಾಯವಾದ ಪ್ರಶ್ನೆ. ಯೂರಿಯಾ, ಕಾಸ್ಟಿಕ್ ಸೋಡಾ, ಪೆಟ್ರೋರಾಸಾಯನಿಕಗಳಂಥ ಭಾರೀ ಕಾರ್ಖಾನೆಗಳು ಸಾವಿರಾರು ಕೋಟಿ ರೂಪಾಯಿ ನುಂಗಿ ಕೆಲವೇ ನೂರು ಜನರಿಗೆ ನೇರ ಕೆಲಸ ಕೊಡುತ್ತವೆ. ಅವುಗಳಿಗೆ ಸಮುದ್ರವೂ ಬೇಕು. ಮಂಗಳೂರಿನಲ್ಲಿ ಗೊಬ್ಬರ ಕಾರ್ಖಾನೆ 1970ರ ದಶಕದಲ್ಲಿ ಪಣಂಬೂರಿನ ಬಂದರಿನ ಪಕ್ಕದಲ್ಲೇ ನಿಂತದ್ದೂ, ವರ್ಷಕ್ಕೆ 1.5 ಕೋಟಿ ಟನ್ ಸಾಮರ್ಥ್ಯದ ತೈಲ ಶುದ್ಧೀಕರಣಾಗಾರ ಅದೇ ಕರಾವಳಿಯಲ್ಲಿ ಬೆಳೆದದ್ದೂ ಆಕಸ್ಮಿಕವಲ್ಲ. ಸಣ್ಣ ಪ್ರಮಾಣದಲ್ಲಿ, ಹೆಚ್ಚಿನ ಶುದ್ಧತೆಯಲ್ಲಿ, ಗಿರಾಕಿಯ ನಿಖರವಾದ ಅಗತ್ಯಕ್ಕೆ ತಕ್ಕಂತೆ ತಯಾರಾಗುವ ವಿಶೇಷ ರಾಸಾಯನಿಕಗಳ ಕಥೆ ಬೇರೆ. ಅಲ್ಲಿ ಕೆಮಿಸ್ಟ್, ಪ್ರಯೋಗಾಲಯದ ಸಹಾಯಕ, ಉಪಕರಣ ನೋಡಿಕೊಳ್ಳುವವರು, ಪ್ಯಾಕಿಂಗ್ ಮಾಡುವವರು ಹೆಚ್ಚು ಬೇಕು. ಟನ್ನಿಗೆ ಬರುವ ಬೆಲೆಯೂ ಹೆಚ್ಚು. ನಮ್ಮ ಜಿಲ್ಲೆಗಳು ನೋಡಬೇಕಾದದ್ದು ಆ ಕಡೆಗೆ ಎಂಬುದೇ ನಾನು ಹೇಳಲು ಬಂದಿರುವ ಮಾತು.

ಅದಕ್ಕೆ ಮುಂಚೆ ಗುಜರಾತು ತೆತ್ತ ಬೆಲೆಯನ್ನೂ ಹೇಳದಿದ್ದರೆ ನಾನು ಅರ್ಧ ಸತ್ಯ ಹೇಳಿದಂತಾಗುತ್ತದೆ. 2009ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ದೇಶದ ಕೈಗಾರಿಕಾ ಪ್ರದೇಶಗಳ ಮಾಲಿನ್ಯವನ್ನು ಅಳೆದು ಅಂಕ ಕೊಟ್ಟಾಗ 88.50 ಅಂಕದೊಂದಿಗೆ ಅಂಕಲೇಶ್ವರ ಮೊದಲನೆಯದಾಗಿತ್ತು, 88.09 ಅಂಕದೊಂದಿಗೆ ವಾಪಿ ಎರಡನೆಯದು. ನಾನು ಕೆಲಸ ಮಾಡುತ್ತಿದ್ದ ಒಂದು ಕಾರ್ಖಾನೆಯಲ್ಲಿ ಮಳೆಗಾಲದ ರಾತ್ರಿಗಳಲ್ಲಿ ತ್ಯಾಜ್ಯನೀರಿನ ತೊಟ್ಟಿಯ ಗೇಟನ್ನು ತೆರೆಯುತ್ತಿದ್ದರು. ಹಳ್ಳದಲ್ಲಿ ನೀರು ರಭಸವಾಗಿ ಹರಿಯುತ್ತಿರುವಾಗ ಬಣ್ಣ ಕಾಣುವುದಿಲ್ಲ ಎಂಬುದು ಅವರ ಲೆಕ್ಕ. ಶಿಫ್ಟ್ ಎಂಜಿನಿಯರ್ ಆಗಿದ್ದ ನಾನು ಆ ರಾತ್ರಿಗಳ ದಾಖಲೆ ಪುಸ್ತಕದಲ್ಲಿ ತೊಟ್ಟಿಯ ಮಟ್ಟ ಸಹಜವಾಗಿದೆ ಎಂದು ಬರೆದು ಸಹಿ ಮಾಡಿದ್ದೇನೆ. ಎರಡು ಮಳೆಗಾಲ ಹಾಗೆ ಬರೆದೆ. ಮೂರನೆಯ ವರ್ಷ ಹಳ್ಳದ ಕೆಳಗಿನ ಊರಿನ ಮುದುಕರೊಬ್ಬರು ತಮ್ಮ ಬಾವಿಯ ನೀರನ್ನು ಹಾಲಿನ ಬಾಟಲಿಯಲ್ಲಿ ತುಂಬಿಕೊಂಡು ಗೇಟಿನ ಬಳಿ ಬಂದು ನಿಂತರು. ಆ ನೀರು ಚಹಾದ ಬಣ್ಣಕ್ಕಿತ್ತು. ಅವರು ಕೂಗಾಡಲಿಲ್ಲ, ಇದನ್ನು ದನ ಕುಡಿಯಬಹುದೇ ಎಂದಷ್ಟೇ ಕೇಳಿದರು. ನಾನು ಆ ಕೆಲಸ ಬಿಟ್ಟದ್ದು ಅದಾದ ನಾಲ್ಕು ತಿಂಗಳಿಗೆ, ಬೇರೆ ಕೆಲಸ ಸಿಕ್ಕ ಮೇಲೆ. ಮೊದಲೇ ಬಿಡಬೇಕಾಗಿತ್ತು.

ಅಲ್ಲಿ ಕನಿಷ್ಠ ಸಮುದ್ರವಿತ್ತು. ವಡೋದರಾದ ಕಾರ್ಖಾನೆಗಳ ಸಂಸ್ಕರಿಸಿದ ತ್ಯಾಜ್ಯನೀರನ್ನು ಖಂಭಾತ್ ಕೊಲ್ಲಿಯ ಕಡೆಗೆ ಒಯ್ಯಲು 50 ಕಿಲೋಮೀಟರಿಗೂ ಉದ್ದದ ಕಾಲುವೆಯನ್ನು 1983ರಲ್ಲೇ ಬಳಕೆಗೆ ತಂದರು. ಅದು ಸರಿಯಾದ ಪರಿಹಾರವೇ ಎಂಬುದು ಬೇರೆ ಚರ್ಚೆ. ನಮಗೆ ಆ ದಾರಿಯೂ ಇಲ್ಲ. ನಮ್ಮನ್ನು ಹೋಲುವ ಊರು ಯಾವುದೆಂದರೆ ರಾಜಸ್ಥಾನದ ಉದಯಪುರದ ಬಳಿಯ ಬಿಛ್ರಿ. ಒಳನಾಡು, ಒಣಭೂಮಿ, ಬಾವಿಯನ್ನೇ ನಂಬಿದ ಬೇಸಾಯ. 1980ರ ದಶಕದ ಕೊನೆಯಲ್ಲಿ ಅಲ್ಲಿ ಬಣ್ಣದ ಮಧ್ಯಂತರ ವಸ್ತುವಾದ ಎಚ್-ಆಸಿಡ್ ತಯಾರಿಸಲು ಆರಂಭಿಸಿದರು. ತಯಾರಾದದ್ದು ಸುಮಾರು 375 ಟನ್; ಹಿಂದೆ ಉಳಿದ ವಿಷಕಾರಿ ಕೆಸರು 2,400 ಟನ್ನಿಗೂ ಹೆಚ್ಚು. ಮಳೆನೀರು ಆ ಕೆಸರಿನ ಮೂಲಕ ನೆಲಕ್ಕಿಳಿದು ಸುತ್ತಲಿನ ಬಾವಿಗಳ ನೀರು ಕಂದಿ ಕುಡಿಯಲೂ ಬೆಳೆಗೂ ಬಾರದಂತಾಯಿತು. ಮಾಲಿನ್ಯ ಮಾಡಿದವರೇ ಅದರ ವೆಚ್ಚ ಭರಿಸಬೇಕೆಂಬ ಹೆಸರಾಂತ ತೀರ್ಪನ್ನು ಸುಪ್ರೀಂ ಕೋರ್ಟ್ 1996ರಲ್ಲಿ ಕೊಟ್ಟದ್ದು ಈ ಪ್ರಕರಣದಲ್ಲಿಯೇ. ಆದರೆ ಹಣ ವಸೂಲಿಗಾಗಿ ಅದೇ ನ್ಯಾಯಾಲಯ 2011ರಲ್ಲಿ ಮತ್ತೆ ಕಟುವಾದ ಆದೇಶ ಹೊರಡಿಸಬೇಕಾಯಿತು. ಉತ್ಪಾದನೆ ನಡೆದದ್ದು ಅಲ್ಪಕಾಲ, ವ್ಯಾಜ್ಯ ನಡೆದದ್ದು ಎರಡು ದಶಕಕ್ಕೂ ಹೆಚ್ಚು. ಅಷ್ಟು ಕಾಲವೂ ನೀರು ಹೊತ್ತು ತಂದದ್ದು ಆ ಹಳ್ಳಿಗಳ ಹೆಂಗಸರು.

ನಮ್ಮ ಸೀಮೆಗೆ ರಾಸಾಯನಿಕ ಉದ್ಯಮ ಹೊಸದೆಂದು ಯಾರಾದರೂ ತಿಳಿದಿದ್ದರೆ ಅವರು ಕೋಲಾರದ ಚಿನ್ನವನ್ನು ಮರೆತಿದ್ದಾರೆ. ಚಿನ್ನದ ಗಣಿಯನ್ನು ನಾವು ಸುರಂಗ, ಲಿಫ್ಟು, ಕೂಲಿ ಎಂದೇ ನೆನೆಯುತ್ತೇವೆ. ಅದು ಲಾಭದಾಯಕವಾಗಿ ಉಳಿದದ್ದರಲ್ಲಿ ರಸಾಯನಶಾಸ್ತ್ರದ ಪಾಲು ದೊಡ್ಡದು. ಕಲ್ಲನ್ನು ಪುಡಿ ಮಾಡಿ ಪಾದರಸದಿಂದ ಹಿಡಿದರೆ ಚಿನ್ನದ ಒಂದು ಭಾಗ ಮಾತ್ರ ಸಿಗುತ್ತಿತ್ತು, ಉಳಿದ ಸಣ್ಣ ಕಣಗಳು ಕೆಸರಿನೊಂದಿಗೆ ಹೋಗುತ್ತಿದ್ದವು. 1887ರಲ್ಲಿ ಗ್ಲಾಸ್ಗೋದ ಮ್ಯಾಕ್‌ಆರ್ಥರ್ ಮತ್ತು ಫಾರೆಸ್ಟ್ ಸಹೋದರರು ತೋರಿಸಿಕೊಟ್ಟ ವಿಧಾನದಲ್ಲಿ ತೆಳುವಾದ ಸೈನೈಡ್ ದ್ರಾವಣವು ಗಾಳಿಯ ಆಮ್ಲಜನಕದ ನೆರವಿನಿಂದ ಚಿನ್ನವನ್ನು ಕರಗಿಸುತ್ತದೆ, ಆಮೇಲೆ ಸತುವಿನ ತುರಿ ಹಾಕಿದರೆ ಚಿನ್ನ ಮತ್ತೆ ಬೇರ್ಪಟ್ಟು ಕೂರುತ್ತದೆ. ಆ ವಿಧಾನ ಕೆಜಿಎಫ್‌ಗೆ 1890ರ ದಶಕದಲ್ಲೇ ಬಂತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಹರಿದು ಬಂದದ್ದನ್ನು ಎಲ್ಲರೂ ಹೆಮ್ಮೆಯಿಂದ ಹೇಳುತ್ತಾರೆ. ಸೈನೈಡ್ ತೊಟ್ಟಿಗಳ ಬಗ್ಗೆ ಅಷ್ಟು ಮಾತಿಲ್ಲ. ಒಟ್ಟು ಸುಮಾರು 800 ಟನ್ ಚಿನ್ನ ಕೊಟ್ಟ ಆ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಚಿನ್ನ ಊರು ಬಿಟ್ಟು ಹೋಯಿತು, ಪುಡಿಯಾದ ಕಲ್ಲು ಅಲ್ಲೇ ಉಳಿಯಿತು: 13 ದಿಬ್ಬಗಳಲ್ಲಿ ಸುಮಾರು 3.3 ಕೋಟಿ ಟನ್. ಜನ ಇಂದಿಗೂ ಅವನ್ನು ಸೈನೈಡ್ ಗುಡ್ಡಗಳೆಂದೇ ಕರೆಯುತ್ತಾರೆ. ಸೈನೈಡ್ ಬಿಸಿಲಿಗೆ ಒಡೆಯುತ್ತದೆ. ಒಡೆಯದೆ ಉಳಿಯುವುದು ನುಣುಪಾದ ಧೂಳು. ಗಾಳಿಯ ತಿಂಗಳುಗಳಲ್ಲಿ ಅದು ಮನೆಗಳ ಒಳಕ್ಕೆ, ಅಡುಗೆಯ ಪಾತ್ರೆಗಳ ಮೇಲಕ್ಕೆ ಬಂದು ಕೂರುತ್ತದೆ. ಈಗ ಆ ದಿಬ್ಬಗಳಲ್ಲಿ ಉಳಿದಿರುವ ಚಿನ್ನವನ್ನು ತೆಗೆಯುವ ಯೋಜನೆಗೆ ಒಪ್ಪಿಗೆಯ ಹೆಜ್ಜೆಗಳು ನಡೆದಿವೆ. ಅದು ಆರಂಭವಾಗುವುದಾದರೆ ಕೊನೆಯ ಟನ್ನಿನ ನಂತರ ಆ ನೆಲದ ಮೇಲೆ ಏನಿರುತ್ತದೆ ಎಂಬುದನ್ನು ಮೊದಲ ಟನ್ನಿಗೆ ಮುಂಚೆಯೇ ಬರೆದುಕೊಳ್ಳಬೇಕು.

ಇದಕ್ಕೆ ಪ್ರತಿಯಾಗಿ ಗಂಧದೆಣ್ಣೆಯ ಕಥೆಯಿದೆ. ಮೈಸೂರು ಸಂಸ್ಥಾನದ ಶ್ರೀಗಂಧದ ಮರ ಹೊರದೇಶಕ್ಕೆ, ಅದರಲ್ಲೂ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. 1914ರಲ್ಲಿ ಯುದ್ಧ ಆರಂಭವಾಗಿ ಸಾಗಣೆ ನಿಂತಿತು, ಮರ ಇಲ್ಲೇ ರಾಶಿ ಬಿತ್ತು. ಆಗ ದಿವಾನರಾಗಿದ್ದವರು ಇದೇ ಸೀಮೆಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು. ಟಾಟಾ ಸಂಸ್ಥೆಯೆಂದೇ ಹೆಸರಾದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಸಡ್‌ಬರೋ ಮತ್ತು ಅವರ ಸಹೋದ್ಯೋಗಿ ವಾಟ್ಸನ್ ಪ್ರಯೋಗಾಲಯದಲ್ಲಿ ಎಣ್ಣೆ ಬಟ್ಟಿ ಇಳಿಸಿ ತೋರಿಸಿದರು, 1916ರಲ್ಲಿ ಕಾರ್ಖಾನೆ ಆರಂಭವಾಯಿತು, 1918ರ ಹೊತ್ತಿಗೆ ಅದೇ ಎಣ್ಣೆಯಿಂದ ಸೋಪು ಬಂತು. ಮರ ಮಾರುತ್ತಿದ್ದ ಸಂಸ್ಥಾನ ನಾಲ್ಕು ವರ್ಷಗಳಲ್ಲಿ ಎಣ್ಣೆ ಮತ್ತು ಸೋಪು ಮಾರಲು ಕಲಿಯಿತು. ಇದಕ್ಕೆ ಬಂದರು ಬೇಕಾಗಲಿಲ್ಲ, ಮಹಾನದಿಯೂ ಬೇಕಾಗಲಿಲ್ಲ. ಸ್ಥಳೀಯ ಕಚ್ಚಾ ಮಾಲು, ಒಂದು ಒಳ್ಳೆಯ ಪ್ರಯೋಗಾಲಯ ಮತ್ತು ಅವೆರಡನ್ನೂ ಸೇರಿಸುವ ಮನಸ್ಸು ಸಾಕಾಯಿತು.

ನಮ್ಮಲ್ಲಿ ಈಗ ಏನಿದೆ? ತಿಪಟೂರಿನ ಕೊಬ್ಬರಿಯ ಹಿಂದೆ ಬೀಳುವ ತೆಂಗಿನ ಚಿಪ್ಪಿನ ರಾಶಿಯನ್ನೇ ತೆಗೆದುಕೊಳ್ಳಿ. ಗಾಳಿ ಕಡಿಮೆ ಮಾಡಿ ಸುಟ್ಟರೆ ಚಿಪ್ಪು ಇದ್ದಿಲಾಗುತ್ತದೆ. ಆ ಇದ್ದಿಲನ್ನು 800ರಿಂದ 1,000 ಡಿಗ್ರಿ ಸೆಲ್ಸಿಯಸ್ ತಾಪದಲ್ಲಿ ಉಗಿಯೊಂದಿಗೆ ಹದಮಾಡಿದರೆ ಅದರಲ್ಲಿ ಕಣ್ಣಿಗೆ ಕಾಣದ ಅಸಂಖ್ಯ ರಂಧ್ರಗಳು ತೆರೆದುಕೊಂಡು, ಒಂದು ಗ್ರಾಮಿನ ಒಳಮೈ ವಿಸ್ತಾರ ಸುಮಾರು 1,000 ಚದರ ಮೀಟರ್ ಆಗುತ್ತದೆ. ಇದೇ ಸಕ್ರಿಯ ಇಂಗಾಲ. ಕುಡಿಯುವ ನೀರಿನ ಫಿಲ್ಟರಿನಿಂದ ಹಿಡಿದು ಔಷಧಿಯ ಬಣ್ಣ ತೆಗೆಯುವವರೆಗೆ ಅದರ ಬಳಕೆಯಿದೆ. ಸೈನೈಡ್ ದ್ರಾವಣದಿಂದ ಚಿನ್ನವನ್ನು ಹೀರಿಕೊಳ್ಳಲು ಇಂದಿನ ಗಣಿಗಳು ಸತುವಿನ ಬದಲು ಬಳಸುವುದು ಇದನ್ನೇ, ಅದರಲ್ಲೂ ಗಟ್ಟಿಯಾದ ತೆಂಗಿನ ಚಿಪ್ಪಿನ ಇಂಗಾಲವನ್ನೇ ಆರಿಸುತ್ತಾರೆ. ತಿಪಟೂರಿನ ಚಿಪ್ಪಿಗೂ ಕೋಲಾರದ ಚಿನ್ನಕ್ಕೂ ಇರುವ ಈ ನಂಟನ್ನು ನೆನೆದಾಗಲೆಲ್ಲ ನನಗೆ ಸಂತೋಷವಾಗುತ್ತದೆ. ಆದರೆ ಚಿಪ್ಪಿನಿಂದ ಇದ್ದಿಲಿನವರೆಗಿನ ಹೊಗೆಯ ಹಂತವನ್ನು ನಾವು ಗುಂಡಿ ತೋಡಿ ಬಯಲಲ್ಲಿ ಮಾಡಿ, ಪಕ್ಕದ ಹಳ್ಳಿಯವರು ಕೆಮ್ಮುವಂತೆ ಮಾಡಿ, ಇದ್ದಿಲನ್ನು ಹೊರಗೆ ಮಾರಿದರೆ ಹೊಗೆ ನಮಗೆ ಉಳಿಯುತ್ತದೆ, ಬೆಲೆ ಬೇರೆಯವರಿಗೆ ಹೋಗುತ್ತದೆ. ಮುಚ್ಚಿದ ಕುಲುಮೆಯಲ್ಲಿ ಸುಟ್ಟರೆ ಆ ಹೊಗೆಯೇ ಇಂಧನ. ಉಗಿ ತಯಾರಿಸಲು ಬೇಕಾದ ಶಾಖ ಅದರಿಂದಲೇ ದೊರೆಯುತ್ತದೆ. ಕೆರೆಯ ಕೋಡಿ ಎಂದದ್ದು ಇದನ್ನೇ.

ಹುಣಸೆ ಬೀಜದ ವಿಷಯಕ್ಕೆ ಮರಳುವುದಾದರೆ, ಬರೀ ಪುಡಿ ಮಾಡಿ ಮಾರುವುದು ಮೊದಲ ಮೆಟ್ಟಿಲು. ಅದನ್ನು ಕಾಸ್ಟಿಕ್ ಸೋಡಾ ಮತ್ತು ಮಾನೊಕ್ಲೋರೊಅಸೆಟಿಕ್ ಆಮ್ಲದೊಂದಿಗೆ ಸಂಸ್ಕರಿಸಿದರೆ ತಣ್ಣೀರಿನಲ್ಲೇ ಕರಗುವ ಹೆಚ್ಚಿನ ದರ್ಜೆಯ ಅಂಟು ಸಿಗುತ್ತದೆ. ಇನ್ನೂ ಶುದ್ಧೀಕರಿಸಿದ ಬೀಜದ ಅಂಟನ್ನು ಜಪಾನಿನಲ್ಲಿ ಆಹಾರಕ್ಕೆ ಬಳಸುತ್ತಾರೆ, ಒಣಗಿದ ಕಣ್ಣಿಗೆ ಹಾಕುವ ಹನಿಗಳಲ್ಲೂ ಅದು ಇದೆ. ಇಲ್ಲಿ ಸೂಕ್ಷ್ಮವೊಂದನ್ನು ಗಮನಿಸಿ: ಆ ಸೋಡಾ ಮತ್ತು ಆ ಆಮ್ಲ ಎರಡೂ ಕರಾವಳಿಯ ಉಪ್ಪಿನ ಸರಣಿಯಿಂದ ಬರಬೇಕು. ಅವರ ಸರಣಿಯ ಕೊನೆಯ ಕೆರೆ ನಮ್ಮ ಸರಣಿಯ ಮೊದಲ ಕೆರೆಯಾಗಲಿ. ಕ್ಲೋರಿನ್ ಘಟಕವನ್ನು ತುಮಕೂರಿನ ಕೈಗಾರಿಕಾ ಪ್ರದೇಶವಾದ ವಸಂತನರಸಾಪುರಕ್ಕೆ ತರುವ ಅಗತ್ಯವಿಲ್ಲ.

ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನ ತೂಕದಲ್ಲಿ ಐದರಲ್ಲಿ ನಾಲ್ಕು ಪಾಲು ಹುಳುವೇ. ಒಣಗಿಸಿದ ಹುಳುವಿನಲ್ಲಿ ಕಾಲುಭಾಗಕ್ಕೂ ಹೆಚ್ಚು ಎಣ್ಣೆಯಿದೆ. ಎಳೆಗೆ ಅಂಟಿದ ಸೆರಿಸಿನ್ ಎಂಬ ಪ್ರೋಟೀನು ಗೂಡಿನ ಕವಚದಲ್ಲಿ ನೂರಕ್ಕೆ 20ರಿಂದ 30ರಷ್ಟಿದ್ದು, ಬಹುಪಾಲು ಬಣ್ಣ ಹಾಕುವ ಮುಂಚಿನ ಸೋಪು–ಸೋಡಾದ ಕುದಿತದಲ್ಲಿ ಬಿಟ್ಟುಕೊಂಡು ಚರಂಡಿಗೆ ಹೋಗುತ್ತದೆ. ಚರಂಡಿಯಲ್ಲಿ ಅದು ಕೊಳೆತ ವಾಸನೆ, ಹಿಡಿದು ಒಣಗಿಸಿದರೆ ಚರ್ಮದ ಆರೈಕೆಯ ಉತ್ಪನ್ನಗಳಿಗೆ ಬೇಕಾದ ವಸ್ತು. ಶ್ರೀನಿವಾಸಪುರದ ಮಾವಿನ ಓಟೆಯ ಒಳಗಿನ ಕೊಬ್ಬು, ಚಾಕೊಲೇಟಿನಲ್ಲಿ ಕೋಕೋ ಬೆಣ್ಣೆಯ ಜೊತೆ ಬಳಸಲು ಯುರೋಪು ಅನುಮತಿಸಿರುವ ಆರು ಸಸ್ಯಜನ್ಯ ಕೊಬ್ಬುಗಳಲ್ಲಿ ಒಂದು.

ಕೊರತೆಯ ಪಟ್ಟಿಯಲ್ಲಿ ಮೊದಲನೆಯದೂ ಕೊನೆಯದೂ ನೀರು. ಪಾವಗಡ, ಬಾಗೇಪಲ್ಲಿಯಂಥ ತಾಲ್ಲೂಕುಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಮಿನ ಮಿತಿಯನ್ನು ದಾಟಿರುವುದು ಹಳೆಯ ಸುದ್ದಿ. ಬೆಂಗಳೂರಿನ ಕೊಳಚೆನೀರನ್ನು ಸಂಸ್ಕರಿಸಿ ದಿನಕ್ಕೆ 440 ದಶಲಕ್ಷ ಲೀಟರಿನಂತೆ ಕೋಲಾರದ 126 ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆ 2018ರಲ್ಲಿ ಆರಂಭವಾದಾಗ ಲಕ್ಷ್ಮೀಸಾಗರದ ಕೆರೆಯಲ್ಲಿ ನೊರೆ ಎದ್ದಿತು, ವಿಷಯ ಹೈಕೋರ್ಟಿನ ಮೆಟ್ಟಿಲೇರಿತು. ಇಂಥ ನೆಲದಲ್ಲಿ ರಾಸಾಯನಿಕ ಘಟಕ ಹೊರಗೆ ಒಂದು ಹನಿ ತ್ಯಾಜ್ಯನೀರನ್ನೂ ಬಿಡಬಾರದು. ಅಂಥ ತಂತ್ರಜ್ಞಾನ ಇದೆ, ದುಬಾರಿಯೂ ಹೌದು: ನೀರನ್ನು ಪೊರೆಗಳಲ್ಲಿ ಸೋಸಿ, ಉಳಿದದ್ದನ್ನು ಹಂತಹಂತವಾಗಿ ಆವಿಯಾಗಿಸಿ, ಕೊನೆಗೆ ಉಳಿಯುವ ಉಪ್ಪನ್ನು ದಾಬಸ್‌ಪೇಟೆ ಬಳಿ ಇರುವಂಥ ಅಪಾಯಕಾರಿ ತ್ಯಾಜ್ಯದ ಭದ್ರ ಗುಂಡಿಗೆ ಕಳಿಸಬೇಕು. ಒಬ್ಬ ಸಣ್ಣ ಉದ್ಯಮಿಗೆ ಈ ವೆಚ್ಚ ಭಾರ. ಇಪ್ಪತ್ತು ಜನ ಸೇರಿದರೆ ಆಗುವ ಕೆಲಸ. ಚೆನ್ನೈ–ಬೆಂಗಳೂರು ಕೈಗಾರಿಕಾ ಕಾರಿಡಾರಿನ ಭಾಗವಾಗಿ ತುಮಕೂರಿನ ಕೈಗಾರಿಕಾ ಪ್ರದೇಶಕ್ಕೆ ಸುಮಾರು 1,700 ಕೋಟಿ ರೂಪಾಯಿಯ ಯೋಜನೆಯನ್ನು ಕೇಂದ್ರ ಸಚಿವ ಸಂಪುಟ 2020ರ ಡಿಸೆಂಬರಿನಲ್ಲಿ ಒಪ್ಪಿದೆ. ಅಲ್ಲಿ ರಾಸಾಯನಿಕ ಘಟಕಗಳಿಗೆ ಜಾಗ ಕೊಡುವುದಾದರೆ ಸಾಮೂಹಿಕ ಸಂಸ್ಕರಣಾ ಘಟಕ ಮೊದಲು ನಿಲ್ಲಲಿ, ನಿವೇಶನ ಹಂಚಿಕೆ ಆಮೇಲೆ ಆಗಲಿ. ಅಂಕಲೇಶ್ವರದಲ್ಲಿ ಕ್ರಮ ತಿರುಗುಮುರುಗಾಗಿತ್ತು.

ಕೊನೆಗೆ ವಿದ್ಯಾರ್ಥಿನಿಯೊಬ್ಬರು, ನಾವು ಈಗಲೇ ಮಾಡಬಹುದಾದದ್ದು ಏನಾದರೂ ಇದೆಯೇ ಎಂದು ಕೇಳಿದರು. ಇದೆ. ಕಾರ್ಖಾನೆ ಬಂದ ಮೇಲೆ ಬಾವಿ ಕೆಟ್ಟಿತೆಂದು ದೂರುವ ಊರಿಗೆ ಎದುರಾಗುವ ಮೊದಲ ಪ್ರಶ್ನೆ, ಮುಂಚೆ ಹೇಗಿತ್ತು ಎಂಬುದಕ್ಕೆ ದಾಖಲೆ ಎಲ್ಲಿ ಎಂಬುದು. ಹಾಲಿನ ಬಾಟಲಿ ಹಿಡಿದು ಬಂದ ಆ ಹಿರಿಯರ ಕೈಯಲ್ಲಿ ಅಂಥ ಕಾಗದವಿರಲಿಲ್ಲ. ಕೈಗಾರಿಕಾ ಪ್ರದೇಶದ ಸುತ್ತ ಐದು ಕಿಲೋಮೀಟರಿನೊಳಗಿನ ಕೊಳವೆಬಾವಿ ಮತ್ತು ಕೆರೆಗಳ ನೀರನ್ನು ವರ್ಷಕ್ಕೆ ಎರಡು ಬಾರಿ, ಮುಂಗಾರಿಗೆ ಮುಂಚೆ ಮತ್ತು ನಂತರ, ತೆಗೆದು ಪಿಎಚ್, ಕರಗಿದ ಲವಣ, ಕ್ಲೋರೈಡ್, ಸಲ್ಫೇಟ್, ಫ್ಲೋರೈಡ್ ಮತ್ತು ನೀರಿನಲ್ಲಿರುವ ಕೊಳೆಯ ಪ್ರಮಾಣವನ್ನು ಸೂಚಿಸುವ ಆಮ್ಲಜನಕದ ರಾಸಾಯನಿಕ ಬೇಡಿಕೆಯನ್ನು (ಸಿಒಡಿ) ಅಳೆಯಿರಿ. ಬಾವಿಯ ಆಳ, ತಾರೀಖು, ಅಳೆದವರ ಹೆಸರು ಬರೆದು ಒಂದು ಪ್ರತಿಯನ್ನು ಗ್ರಾಮ ಪಂಚಾಯಿತಿಗೆ, ಒಂದನ್ನು ಬಾವಿಯ ಮಾಲೀಕರಿಗೆ, ಒಂದನ್ನು ಈ ಕಾಲೇಜಿನ ಗ್ರಂಥಾಲಯಕ್ಕೆ ಕೊಡಿ. ಇವುಗಳಿಗೆ ಬೇಕಾದ ಉಪಕರಣಗಳಲ್ಲಿ ಹೆಚ್ಚಿನವು ನಿಮ್ಮ ಪ್ರಯೋಗಾಲಯದಲ್ಲಿ ಇರುವುದನ್ನು ನಾನು ಇವತ್ತು ಬೆಳಿಗ್ಗೆ ನೋಡಿಕೊಂಡು ಬಂದಿದ್ದೇನೆ. ಮುಂಗಾರಿಗೆ ಇನ್ನೂ ಏಳು ವಾರವಿದೆ; ಮೊದಲ ಸುತ್ತಿನ ಮಾದರಿ ತೆಗೆಯಲು ನಾನೂ ನಿಮ್ಮೊಂದಿಗೆ ಬರುತ್ತೇನೆ.